ಹಸಿರು ನಾಡಿನಲ್ಲಿ ಬಿಳಿಚಿದ ಮುಖಗಳು

ಹಾಸನ ದಾಟಿ ಆಲೂರಿನ ಕಡೆಗೆ ಹೊರಟರೆ ಬಯಲುಸೀಮೆ ಮುಗಿದು ಮಲೆನಾಡಿನ ಸೆರಗು ಆರಂಭವಾಗುತ್ತದೆ. ಪಾಳ್ಯ, ಬಾಳ್ಳುಪೇಟೆ ಕಳೆದು ಹೇಮಾವತಿಯ ದಡದ ಸಕಲೇಶಪುರ ತಲುಪುವ ಹೊತ್ತಿಗೆ ಸುತ್ತಲೂ ಹಸಿರು. ಹಾನಬಾಳು, ಹೆತ್ತೂರು, ಯಸಳೂರುಗಳ ಕಡೆ ಕಣ್ಣು ಹಾಯಿಸಿದಷ್ಟು ದೂರ ಕಾಫಿ ತೋಟ, ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿ, ತಗ್ಗಿನಲ್ಲಿ ಗದ್ದೆ, ಹಿತ್ತಲಿನಲ್ಲಿ ಹಲಸು, ಬಾಳೆ, ಸೀಬೆ. ಅಕ್ಕಿರೊಟ್ಟಿ, ಕಡುಬು, ಕಳಲೆ, ಅಣಬೆ, ಪತ್ರೊಡೆಗಳ ಈ ನಾಡಿನಲ್ಲಿ ಮಕ್ಕಳಿಗೆ ಪೌಷ್ಟಿಕತೆಯ ಕೊರತೆ ಇದೆ ಎಂದರೆ ಹೊರಗಿನವರಿಗೆ ನಂಬುವುದು ಕಷ್ಟ.

ಆದರೆ ಶಾಲೆಯ ಪ್ರಾರ್ಥನೆಯ ಸಾಲಿನಲ್ಲಿ ನಿಂತ ಮಕ್ಕಳನ್ನು ಗಮನಿಸುವ ಶಿಕ್ಷಕರಿಗೆ ವಿಷಯ ಗೊತ್ತು. ಹತ್ತು ನಿಮಿಷ ನಿಂತರೆ ತಲೆ ಸುತ್ತುತ್ತದೆ ಎನ್ನುವ ಹುಡುಗಿ, ದಿಬ್ಬ ಹತ್ತಿದರೆ ಏದುಸಿರು ಬಿಡುವ ಹುಡುಗ, ಮಧ್ಯಾಹ್ನದ ಮೊದಲ ತರಗತಿಯಲ್ಲೇ ತೂಕಡಿಸುವ ಮಗು ಯಾವ ಊರಿನ ಶಾಲೆಗೂ ಅಪರೂಪವಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 65.5ರಷ್ಟು ಮಂದಿಗೆ ರಕ್ತಹೀನತೆ ಇತ್ತು. 15ರಿಂದ 49 ವರ್ಷದ ಹೆಂಗಸರಲ್ಲಿ ಅದು ಶೇ. 47.8. ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 35.4ರಷ್ಟು ಮಂದಿ ವಯಸ್ಸಿಗೆ ತಕ್ಕ ಎತ್ತರ ಬೆಳೆದಿರಲಿಲ್ಲ. ಐದು ವರ್ಷ ಹಿಂದಿನ ಸಮೀಕ್ಷೆಗೆ ಹೋಲಿಸಿದರೆ ಎತ್ತರದ ಕೊರತೆ ತುಸು ಕಡಿಮೆಯಾಗಿತ್ತು, ರಕ್ತಹೀನತೆ ಮಾತ್ರ ಹೆಚ್ಚಿತ್ತು. ಇದು ಇಡೀ ರಾಜ್ಯದ ಲೆಕ್ಕ. ಮಲೆನಾಡಿನಲ್ಲಿ ಈ ಕೊರತೆಗೆ ತನ್ನದೇ ಆದ ಕೆಲವು ಕಾರಣಗಳಿವೆ. ಅವುಗಳಲ್ಲಿ ಹೆಚ್ಚಿನವು ಮನೆಯವರ ಕೈಯಲ್ಲೇ ಸರಿಹೋಗುವಂಥವು.

ಹೊಟ್ಟೆ ತುಂಬಿದ ಹಸಿವು

ಅಪೌಷ್ಟಿಕತೆ ಎಂದೊಡನೆ ಎಲುಬು ಕಾಣುವ, ಹೊಟ್ಟೆ ಉಬ್ಬಿದ ಮಗುವಿನ ಚಿತ್ರ ಕಣ್ಣ ಮುಂದೆ ಬರುತ್ತದೆ. ಅದು ಅಪೌಷ್ಟಿಕತೆಯ ಕೊನೆಯ ಹಂತ. ಅದಕ್ಕಿಂತ ಎಷ್ಟೋ ಹೆಚ್ಚಾಗಿ ಇರುವುದು ಕಣ್ಣಿಗೆ ಕಾಣದ ಹಸಿವು. ಹೊಟ್ಟೆ ತುಂಬ ಅನ್ನ ತಿಂದರೂ ದೇಹಕ್ಕೆ ಬೇಕಾದ ಕಬ್ಬಿಣಾಂಶ, ಸುಣ್ಣದ ಅಂಶ, ಅಯೋಡಿನ್, ಅನ್ನಾಂಗಗಳು ಸಿಗದಿದ್ದರೆ ಮಗು ಒಳಗೊಳಗೇ ಸೊರಗುತ್ತದೆ.

ರಕ್ತಕ್ಕೆ ಕೆಂಪು ಬಣ್ಣ ಕೊಡುವ ಹಿಮೋಗ್ಲೋಬಿನ್ ತಯಾರಾಗಲು ಕಬ್ಬಿಣ ಬೇಕು. ಉಸಿರಾಡಿದ ಗಾಳಿಯಲ್ಲಿನ ಆಮ್ಲಜನಕವನ್ನು ಮಿದುಳಿಗೆ, ಸ್ನಾಯುಗಳಿಗೆ ಹೊತ್ತೊಯ್ಯುವುದು ಈ ಹಿಮೋಗ್ಲೋಬಿನ್. ಹೆಂಗಸರಲ್ಲಿ ಅದರ ಪ್ರಮಾಣ 100 ಮಿ.ಲೀ. ರಕ್ತಕ್ಕೆ 12 ಗ್ರಾಂಗಿಂತ, ಗರ್ಭಿಣಿಯರಲ್ಲಿ ಮತ್ತು ಪುಟ್ಟ ಮಕ್ಕಳಲ್ಲಿ 11 ಗ್ರಾಂಗಿಂತ ಕಡಿಮೆಯಾದರೆ ಅದನ್ನು ರಕ್ತಹೀನತೆ ಎನ್ನುತ್ತಾರೆ. ಕಣ್ಣಿನ ಕೆಳರೆಪ್ಪೆಯ ಒಳಭಾಗ, ನಾಲಿಗೆ, ಉಗುರು ಬಿಳಿಚಿಕೊಳ್ಳುತ್ತವೆ. ಸುಸ್ತು, ಮರೆವು, ಓದಿನಲ್ಲಿ ಏಕಾಗ್ರತೆ ಇಲ್ಲದಿರುವುದು ಇವೆಲ್ಲ ಅದರ ಲಕ್ಷಣಗಳು. ಮಗ ಸೋಮಾರಿ, ಮಗಳಿಗೆ ಓದಿನಲ್ಲಿ ಮನಸ್ಸಿಲ್ಲ ಎಂದು ಗದರುವ ಮುನ್ನ ಒಮ್ಮೆ ರಕ್ತ ಪರೀಕ್ಷೆ ಮಾಡಿಸುವುದು ಒಳ್ಳೆಯದು. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಬೆರಳ ತುದಿಯ ಒಂದು ಹನಿ ರಕ್ತದಿಂದ ಇದು ತಿಳಿಯುತ್ತದೆ.

ಹೆಣ್ಣುಮಕ್ಕಳ ಮಾತು ಇನ್ನೂ ಮುಖ್ಯವಾದದ್ದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಶಿಫಾರಸಿನಂತೆ ವಯಸ್ಕ ಗಂಡಸಿಗೆ ದಿನಕ್ಕೆ 19 ಮಿ.ಗ್ರಾಂ ಕಬ್ಬಿಣ ಸಾಕು. ಹೆಂಗಸಿಗೆ 29 ಮಿ.ಗ್ರಾಂ ಬೇಕು. ಮುಟ್ಟಿನಲ್ಲಿ ಪ್ರತಿ ತಿಂಗಳು ಹೋಗುವ ರಕ್ತವನ್ನು ದೇಹ ತುಂಬಿಕೊಳ್ಳಬೇಕಲ್ಲ. ಆದರೆ ನಮ್ಮ ಮನೆಗಳಲ್ಲಿ ಎಲ್ಲರಿಗೂ ಬಡಿಸಿ ಕೊನೆಗೆ ಉಣ್ಣುವವರು ತಾಯಿ ಮತ್ತು ಮಗಳು. ಅಷ್ಟು ಹೊತ್ತಿಗೆ ಸಾರಿನ ಪಾತ್ರೆಯಲ್ಲಿ ತಿಳಿ ಉಳಿದಿರುತ್ತದೆ, ಸೊಪ್ಪು, ಕಾಳು ಮುಗಿದಿರುತ್ತವೆ. ಹೆಚ್ಚು ಬೇಕಾದವರಿಗೆ ಕಡಿಮೆ ಸಿಗುವ ಈ ಪದ್ಧತಿಗೆ ಬಡತನವೊಂದೇ ಕಾರಣವಲ್ಲ.

ತಟ್ಟೆಯ ತುಂಬ ಬಿಳುಪು

ಮಲೆನಾಡಿನವರ ಊಟ ಅಕ್ಕಿಯ ಸುತ್ತ ತಿರುಗುತ್ತದೆ. ಬೆಳಿಗ್ಗೆ ರೊಟ್ಟಿ ಅಥವಾ ಕಡುಬು, ಮಧ್ಯಾಹ್ನ ಅನ್ನ, ರಾತ್ರಿ ಮತ್ತೆ ಅನ್ನ. ಅಕ್ಕಿ ಕೆಟ್ಟ ಆಹಾರವಲ್ಲ, ಶಕ್ತಿ ಕೊಡುತ್ತದೆ. ಆದರೆ ಮಿಲ್ಲಿನಲ್ಲಿ ನಯ ಮಾಡಿದ 100 ಗ್ರಾಂ ಅಕ್ಕಿಯಲ್ಲಿ ಸುಣ್ಣದ ಅಂಶ ಸುಮಾರು 10 ಮಿ.ಗ್ರಾಂ ಮಾತ್ರ, ಕಬ್ಬಿಣ ಒಂದು ಮಿ.ಗ್ರಾಂಗಿಂತಲೂ ಕಡಿಮೆ. ಅಷ್ಟೇ ತೂಕದ ರಾಗಿಯಲ್ಲಿ ಸುಣ್ಣ ಸುಮಾರು 350 ಮಿ.ಗ್ರಾಂ, ಕಬ್ಬಿಣ 4 ಮಿ.ಗ್ರಾಂಗಿಂತ ಹೆಚ್ಚು. ಆಲೂರು ತಾಲ್ಲೂಕು ಬಯಲಿಗೂ ಮಲೆಗೂ ನಡುವೆ ಇರುವುದರಿಂದ ಅಲ್ಲಿ ಮುದ್ದೆಯೂ ಉಂಟು, ರೊಟ್ಟಿಯೂ ಉಂಟು. ಘಟ್ಟದ ಕಡೆ ಹೋದಂತೆ ರಾಗಿ ಕಡಿಮೆಯಾಗುತ್ತದೆ. ಹಾಸನ ಜಿಲ್ಲೆಯ ಪೂರ್ವದ ತಾಲ್ಲೂಕುಗಳಲ್ಲಿ ಧಾರಾಳವಾಗಿ ಬೆಳೆಯುವ ರಾಗಿ ಸಕಲೇಶಪುರದ ಅಂಗಡಿಗೆ ಬರುವುದು ಕಷ್ಟವಲ್ಲ. ದಿನಕ್ಕೆ ಒಂದು ಹೊತ್ತು ರಾಗಿ ರೊಟ್ಟಿ, ಮುದ್ದೆ ಅಥವಾ ಅಂಬಲಿ ಆದರೂ ದೊಡ್ಡ ಲಾಭ.

ಅಕ್ಕಿಯ ಹೊರಪದರವನ್ನು ಕಳೆದುಕೊಂಡರೆ ಏನಾಗುತ್ತದೆ ಎಂಬ ಪಾಠ ಹಳೆಯದು. ಜಾವಾ ದ್ವೀಪದಲ್ಲಿದ್ದ ಡಚ್ ವೈದ್ಯ ಕ್ರಿಸ್ಟಿಯಾನ್ ಐಕ್‌ಮನ್, ಬರಿಯ ಬಿಳಿ ಅಕ್ಕಿ ತಿಂದ ಕೋಳಿಗಳು ಕಾಲು ಸ್ವಾಧೀನ ತಪ್ಪಿ ಬೀಳುವುದನ್ನೂ, ತೌಡು ಸಹಿತ ಅಕ್ಕಿ ತಿಂದವು ಚೇತರಿಸಿಕೊಳ್ಳುವುದನ್ನೂ 1890ರ ದಶಕದಲ್ಲಿ ಕಂಡರು. ಆ ಕೆಲಸಕ್ಕೆ 1929ರಲ್ಲಿ ಅವರಿಗೆ ನೊಬೆಲ್ ಬಹುಮಾನ ಬಂತು. ನಮ್ಮ ದೇಶದಲ್ಲಿ ಇಂಥ ಅಧ್ಯಯನ 1918ರಲ್ಲಿ ನೀಲಗಿರಿಯ ಕೂನೂರಿನಲ್ಲಿ ರಾಬರ್ಟ್ ಮೆಕ್ಯಾರಿಸನ್ ಅವರಿಂದ ಪುಟ್ಟದಾಗಿ ಆರಂಭವಾಯಿತು. ಅದೇ ಬೆಳೆದು ಇಂದು ಹೈದರಾಬಾದಿನಲ್ಲಿರುವ ರಾಷ್ಟ್ರೀಯ ಪೋಷಣಾ ಸಂಸ್ಥೆಯಾಗಿದೆ. ಕುಸುಬಲಕ್ಕಿ ಉಣ್ಣುವವರಿಗೆ ಈ ಅಪಾಯ ಕಡಿಮೆ, ಏಕೆಂದರೆ ಭತ್ತವನ್ನು ಕುದಿಸುವಾಗ ಹೊರಪದರದ ಅನ್ನಾಂಗ ಕಾಳಿನ ಒಳಗೆ ಇಳಿಯುತ್ತದೆ. ಬೆಳ್ತಿಗೆ ಅಕ್ಕಿಯನ್ನೇ ಬಳಸುವವರು ಹೆಚ್ಚು ನಯ ಮಾಡಿಸದಿರುವುದು, ಹತ್ತಾರು ಸಲ ತೊಳೆಯದಿರುವುದು, ಗಂಜಿ ಬಸಿದು ಚೆಲ್ಲದಿರುವುದು ಒಳ್ಳೆಯದು.

ಕಾಫಿ ಯಾವಾಗ?

ಕಾಫಿ ಬೆಳೆಯುವ ನಾಡಿನಲ್ಲಿ ಕಾಫಿ ಕುಡಿಯಬೇಡಿ ಎನ್ನಲಾಗದು. ಬೆಲ್ಲದ ಕಾಫಿಯಿಲ್ಲದೆ ಇಲ್ಲಿ ಬೆಳಗಾಗುವುದಿಲ್ಲ. ಆದರೆ ಅದನ್ನು ಯಾವಾಗ ಕುಡಿಯಬೇಕು ಎಂಬುದು ಮಾತ್ರ ತಿಳಿದಿರಬೇಕು. ಕಾಫಿ, ಚಹಾಗಳಲ್ಲಿರುವ ಕೆಲವು ಅಂಶಗಳು ಆಹಾರದ ಕಬ್ಬಿಣವನ್ನು ಹಿಡಿದಿಟ್ಟು ಕರುಳು ಹೀರದಂತೆ ಮಾಡುತ್ತವೆ. 1983ರಲ್ಲಿ ಅಮೆರಿಕದ ವಿಜ್ಞಾನಿಗಳು ನಡೆಸಿದ ಪ್ರಯೋಗವೊಂದರಲ್ಲಿ ಊಟದೊಂದಿಗೆ ಕುಡಿದ ಒಂದು ಲೋಟ ಕಾಫಿ ಕಬ್ಬಿಣದ ಹೀರಿಕೆಯನ್ನು ಶೇ. 39ರಷ್ಟು ತಗ್ಗಿಸಿತು, ಚಹಾ ಶೇ. 64ರಷ್ಟು ತಗ್ಗಿಸಿತು. ಊಟಕ್ಕೆ ಒಂದು ಗಂಟೆ ಮೊದಲು ಕುಡಿದ ಕಾಫಿಯಿಂದ ತೊಂದರೆಯಾಗಲಿಲ್ಲ. ಊಟವಾಗಿ ಒಂದು ಗಂಟೆಯ ನಂತರ ಕುಡಿದಾಗ ಮಾತ್ರ ಊಟದ ಜೊತೆ ಕುಡಿದಷ್ಟೇ ನಷ್ಟವಾಯಿತು. ಕಾರಣ ಸರಳ: ಉಂಡ ಅನ್ನ ಆಗಿನ್ನೂ ಜೀರ್ಣವಾಗುತ್ತಿರುತ್ತದೆ.

ಹಾಗಾಗಿ ಬೆಳಿಗ್ಗೆ ಎದ್ದ ಕೂಡಲೇ ದೊಡ್ಡವರು ಕಾಫಿ ಕುಡಿದು, ಗಂಟೆ ಬಿಟ್ಟು ರೊಟ್ಟಿ ತಿಂದರೆ ಬಾಧಕವಿಲ್ಲ. ರೊಟ್ಟಿಯ ಜೊತೆಗೆ ಕಾಫಿ, ಊಟ ಮುಗಿದೊಡನೆ ಮತ್ತೊಂದು ಲೋಟ ಎಂಬ ರೂಢಿಯೇ ನಷ್ಟದ ಬಾಬತ್ತು. ಊಟದ ನಂತರ ಎರಡು ಗಂಟೆಯಾದರೂ ತಡೆಯಬೇಕು. ಪುಟ್ಟ ಮಕ್ಕಳಿಗೆ ಕಾಫಿಯಾಗಲಿ ಚಹಾ ಆಗಲಿ ಬೇಡವೇ ಬೇಡ. ಬೆಳಿಗ್ಗೆ ಬಸ್ಸು ತಪ್ಪೀತೆಂದು ತಿಂಡಿ ಬಿಟ್ಟು ಒಂದು ಲೋಟ ಕಾಫಿ, ಎರಡು ಬಿಸ್ಕತ್ತಿನಲ್ಲಿ ಶಾಲೆಗೆ ಓಡುವ ಹುಡುಗಿಯರಿಗೆ ಈ ಮಾತು ಮುಖ್ಯ.

ಕಬ್ಬಿಣವನ್ನು ತಡೆಯುವ ವಸ್ತುಗಳಿರುವಂತೆ ಅದನ್ನು ದೇಹಕ್ಕೆ ಸೇರಿಸುವ ವಸ್ತುವೂ ಇದೆ. ಅದು ಅನ್ನಾಂಗ ‘ಸಿ’. ಸೊಪ್ಪಿನ ಪಲ್ಯದ ಮೇಲೆ ನಿಂಬೆಹುಳಿ ಹಿಂಡಿದರೆ, ಊಟದ ಜೊತೆ ಒಂದು ನೆಲ್ಲಿಕಾಯಿ ಅಥವಾ ಸೀಬೆಹಣ್ಣು ತಿಂದರೆ ಅದೇ ಸೊಪ್ಪಿನಿಂದ ಹೆಚ್ಚು ಕಬ್ಬಿಣ ದಕ್ಕುತ್ತದೆ. ಪೇಟೆಯಿಂದ ಕೊಂಡು ತರುವ ಕಿತ್ತಳೆಗಿಂತ ಹಿತ್ತಲ ಸೀಬೆಯಲ್ಲಿ ನಾಲ್ಕೈದು ಪಟ್ಟು ಹೆಚ್ಚು ಅನ್ನಾಂಗ ‘ಸಿ’ ಇದೆ.

ಕಾಣುವ ಇಂಬಳ, ಕಾಣದ ಹುಳು

ಮಳೆಗಾಲದಲ್ಲಿ ತೋಟಕ್ಕೆ ಹೋದವರು ಕಾಲಿಗೆ ಹತ್ತಿದ ಇಂಬಳವನ್ನು ಕಿತ್ತು ಎಸೆಯುತ್ತಾರೆ. ಇಂಬಳ ಕುಡಿದ ರಕ್ತ ಕಣ್ಣಿಗೆ ಕಾಣುತ್ತದೆ. ಅದಕ್ಕಿಂತ ದೊಡ್ಡ ಕಳ್ಳ ಕಣ್ಣಿಗೆ ಬೀಳುವುದೇ ಇಲ್ಲ. ಅದು ಕೊಕ್ಕೆಹುಳು. ಬಯಲಿನಲ್ಲಿ ಮಲವಿಸರ್ಜನೆ ಮಾಡಿದ ಕಡೆ ಇದರ ಮೊಟ್ಟೆಗಳು ಮಣ್ಣಿಗೆ ಸೇರುತ್ತವೆ. ನೆರಳು, ತೇವ ಮತ್ತು ಬೆಚ್ಚನೆಯ ಮಣ್ಣು ಇದ್ದರೆ ಮರಿಗಳು ಚೆನ್ನಾಗಿ ಬದುಕುತ್ತವೆ. ಕಾಫಿ ತೋಟದ ನೆಲ ಅವಕ್ಕೆ ಹೇಳಿ ಮಾಡಿಸಿದಂತಿದೆ. ಬರಿಗಾಲಿನ ಚರ್ಮವನ್ನು ಕೊರೆದು ಒಳಹೊಕ್ಕ ಮರಿ ರಕ್ತದ ಮೂಲಕ ಶ್ವಾಸಕೋಶಕ್ಕೆ, ಅಲ್ಲಿಂದ ಗಂಟಲಿಗೆ, ಕೊನೆಗೆ ಸಣ್ಣ ಕರುಳಿಗೆ ತಲುಪಿ ಕಚ್ಚಿಕೊಳ್ಳುತ್ತದೆ. ಒಂದು ಹುಳುವಿನಿಂದ ದಿನಕ್ಕೆ ಆಗುವ ರಕ್ತನಷ್ಟ ಹುಳುವಿನ ಜಾತಿಯನ್ನು ಅವಲಂಬಿಸಿ 0.03ರಿಂದ 0.2 ಮಿ.ಲೀ. ಅಲ್ಪವೆನಿಸಬಹುದು. ನೂರು ಹುಳುಗಳಿದ್ದರೆ ಪ್ರತಿದಿನ 3ರಿಂದ 20 ಮಿ.ಲೀ. ರಕ್ತ ಹೋದಂತೆ. ಅನ್ನದಿಂದ ಬರುವ ಅಷ್ಟಿಷ್ಟು ಕಬ್ಬಿಣ ಆ ಸೋರಿಕೆಗೆ ಸಾಲದು.

ಇದಕ್ಕೆ ಮದ್ದು ಅಗ್ಗ. ಕಾಲಿಗೆ ಚಪ್ಪಲಿ ಅಥವಾ ಬೂಟು, ಶೌಚಾಲಯದ ಬಳಕೆ, ಊಟಕ್ಕೆ ಮೊದಲು ಸೋಪಿನಿಂದ ಕೈ ತೊಳೆಯುವುದು. ಜೊತೆಗೆ ಜಂತುಹುಳುವಿನ ಮಾತ್ರೆ. 2015ರಿಂದ ರಾಷ್ಟ್ರೀಯ ಜಂತುಹುಳು ನಿವಾರಣಾ ದಿನದ ಹೆಸರಿನಲ್ಲಿ ಒಂದರಿಂದ 19 ವರ್ಷದವರಿಗೆ ಅಂಗನವಾಡಿ ಮತ್ತು ಶಾಲೆಗಳಲ್ಲಿ ಆಲ್ಬೆಂಡಜೋಲ್ ಮಾತ್ರೆಯನ್ನು ಉಚಿತವಾಗಿ ಕೊಡಲಾಗುತ್ತಿದೆ. ಶಾಲೆಗೆ ಹೋಗದ ಮಕ್ಕಳಿಗೂ ಅಂಗನವಾಡಿಯಲ್ಲಿ ಅದು ಸಿಗುತ್ತದೆ. ಅಂದು ಮಗು ಗೈರುಹಾಜರಾಗಿದ್ದರೆ ಮುಂದಿನ ದಿನಗಳಲ್ಲಿ ಕೇಳಿ ಪಡೆಯಬೇಕು.

ಲೈನ್ ಮನೆಯ ಮಗು

ಕಾಫಿ ಕೊಯ್ಲಿನ ತಿಂಗಳುಗಳಲ್ಲಿ ಲೈನ್ ಮನೆಗಳ ತಾಯಂದಿರು ಬೆಳಿಗ್ಗೆ ಬೇಗ ಕೆಲಸಕ್ಕೆ ಹೋದರೆ ಬರುವುದು ಸಂಜೆ. ಹೊರ ಜಿಲ್ಲೆಗಳಿಂದ, ಈಚೆಗೆ ದೂರದ ರಾಜ್ಯಗಳಿಂದಲೂ ಕುಟುಂಬಗಳು ಬರುತ್ತವೆ. ಕೈಗೂಸನ್ನು ನೋಡಿಕೊಳ್ಳುವುದು ಏಳೆಂಟು ವರ್ಷದ ಅಕ್ಕನ ಪಾಲಿಗೆ ಬರುತ್ತದೆ. ಹೀಗೆ ಒಂದೇ ಮನೆಯಲ್ಲಿ ಒಂದು ಮಗುವಿನ ಹಾಲು, ಇನ್ನೊಂದು ಮಗುವಿನ ಶಾಲೆ ಎರಡೂ ತಪ್ಪುತ್ತವೆ. 50 ಅಥವಾ ಹೆಚ್ಚು ಹೆಂಗಸರು ದುಡಿಯುವ ತೋಟದಲ್ಲಿ ಶಿಶುಗೃಹ ಇರಬೇಕೆಂದು 1951ರ ತೋಟ ಕಾರ್ಮಿಕರ ಕಾಯಿದೆ ವಿಧಿಸಿತ್ತು. ಆದರೆ ನಮ್ಮ ದೇಶದ ಕಾಫಿ ಹಿಡುವಳಿಗಳಲ್ಲಿ ಬಹುಪಾಲು ಹತ್ತು ಹೆಕ್ಟೇರಿಗಿಂತ ಚಿಕ್ಕವು. ಅಂಥ ತೋಟಗಳ ಕೂಲಿಕಾರರ ಮಕ್ಕಳಿಗೆ ಅಂಗನವಾಡಿಯೇ ಆಸರೆ.

ಮಗು ಹುಟ್ಟಿ ಒಂದು ಗಂಟೆಯೊಳಗೆ ತಾಯಿಯ ಹಾಲು, ಆರು ತಿಂಗಳ ತನಕ ಬರಿಯ ತಾಯಿಯ ಹಾಲು, ಆರು ತಿಂಗಳು ತುಂಬಿದ ಮೇಲೆ ಅದರ ಜೊತೆಗೆ ಮೆದು ಆಹಾರ ಎಂಬುದು ವೈದ್ಯರ ಸಲಹೆ. ಎಡವುವುದು ಈ ಮೂರನೆಯ ಹಂತದಲ್ಲಿ. ತಿಳಿ ಗಂಜಿ ಕುಡಿಸಿದರೆ ಮಗುವಿನ ಪುಟ್ಟ ಹೊಟ್ಟೆ ನೀರಿನಿಂದ ತುಂಬುತ್ತದೆ, ಅಳು ನಿಲ್ಲುತ್ತದೆ, ಬೆಳವಣಿಗೆಯೂ ನಿಲ್ಲುತ್ತದೆ. ನಮ್ಮ ಅಜ್ಜಿಯರು ಮಾಡುತ್ತಿದ್ದ ಮೊಳಕೆ ರಾಗಿಯ ಸರಿ ಇದಕ್ಕೆ ಉತ್ತಮ ಪರಿಹಾರ. ಮೊಳಕೆ ಬರುವಾಗ ಕಾಳಿನಲ್ಲಿ ಹುಟ್ಟುವ ಕಿಣ್ವಗಳು ಪಿಷ್ಟವನ್ನು ಒಡೆಯುವುದರಿಂದ ಹಿಟ್ಟು ಹೆಚ್ಚು ಹಾಕಿದರೂ ಸರಿ ಗಟ್ಟಿಯಾಗದೆ ಮಗುವಿಗೆ ನುಂಗಲು ಸುಲಭವಾಗುತ್ತದೆ. ಅದಕ್ಕೆ ಒಂದು ಚಮಚ ತುಪ್ಪ ಅಥವಾ ಎಣ್ಣೆ, ಸ್ವಲ್ಪ ಹುರಿಗಡಲೆ ಅಥವಾ ನುಣ್ಣಗೆ ಅರೆದ ಕಡಲೆಕಾಯಿ ಬೀಜದ ಪುಡಿ ಸೇರಿಸಿದರೆ ಸಾಕು. ಮೈಸೂರಿನಲ್ಲಿ 1950ರಲ್ಲಿ ಆರಂಭವಾದ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಅಗ್ಗದ ಪೌಷ್ಟಿಕ ಆಹಾರ ತಯಾರಿಸಲು ಆರಿಸಿಕೊಂಡದ್ದೂ ಕಡಲೆಕಾಯಿ ಮತ್ತು ಕಡಲೆಯ ಹಿಟ್ಟನ್ನೇ.

ಅಂಗನವಾಡಿ ಯೋಜನೆ 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಆರಂಭವಾಯಿತು. ಕರ್ನಾಟಕದಲ್ಲಿ ಮೊದಲು ಬಂದದ್ದು ಮೈಸೂರು ಜಿಲ್ಲೆಯ ತಿ. ನರಸೀಪುರಕ್ಕೆ. ಅಲ್ಲಿನ ಕಾರ್ಯಕರ್ತೆ ಪ್ರತಿ ತಿಂಗಳು ಮಗುವನ್ನು ತೂಗಿ ಗುರುತು ಹಾಕುವ ನಕ್ಷೆಯನ್ನು ತಾಯಿ ತಂದೆ ಇಬ್ಬರೂ ಕೇಳಿ ನೋಡಬೇಕು. ಗೆರೆ ಮೇಲೇರುತ್ತಿದ್ದರೆ ಸಂತೋಷ. ಎರಡು ತಿಂಗಳು ಒಂದೇ ಮಟ್ಟದಲ್ಲಿದ್ದರೆ ಎಚ್ಚರ. ಆರು ತಿಂಗಳಿಂದ ಐದು ವರ್ಷದ ಮಗುವಿನ ತೋಳಿನ ಸುತ್ತಳತೆ 12.5 ಸೆಂ.ಮೀ.ಗಿಂತ ಕಡಿಮೆಯಿದ್ದರೆ ಅಪೌಷ್ಟಿಕತೆ, 11.5 ಸೆಂ.ಮೀ.ಗಿಂತ ಕಡಿಮೆಯಿದ್ದರೆ ತೀವ್ರ ಅಪೌಷ್ಟಿಕತೆ. ಅಂಥ ಮಗುವನ್ನು ತಡಮಾಡದೆ ಆಸ್ಪತ್ರೆಗೆ ತೋರಿಸಬೇಕು.

ಗದ್ದೆಯ ಜೊತೆ ಹೋದ ಸೊಪ್ಪು

ಮಲೆನಾಡಿನ ಹಳೆಯ ಊಟದಲ್ಲಿ ಅನ್ನದ ಜೊತೆಗೆ ಬೇರೆ ಎಷ್ಟೋ ಇತ್ತು. ಗದ್ದೆಯ ಬದುವಿನ ಹೊನಗೊನೆ, ಒಂದೆಲಗ, ನೀರಿನ ಕಾಲುವೆಯ ಏಡಿ, ಸಣ್ಣ ಮೀನು, ಬೇಲಿಯ ಬಸಲೆ, ತೋಟದ ಅಂಚಿನ ಗಣಿಕೆ ಸೊಪ್ಪು, ಕೆಸ, ಮಳೆಗಾಲಕ್ಕೆಂದು ಕೂಡಿಟ್ಟ ಹಲಸಿನ ಬೀಜ, ಒಣಮೀನು, ಹುರುಳಿ. ಇವುಗಳಿಗೆ ಹಣ ಕೊಡಬೇಕಾಗಿರಲಿಲ್ಲ. ಆಲೂರು, ಸಕಲೇಶಪುರ ತಾಲ್ಲೂಕುಗಳಲ್ಲಿ ಆನೆಗಳ ಹಾವಳಿ ಹೆಚ್ಚಿದ ಮೇಲೆ ಅನೇಕರು ಭತ್ತದ ಗದ್ದೆಗಳನ್ನು ಪಾಳು ಬಿಟ್ಟರು. 2014–15ರಲ್ಲಿ ಈ ಭಾಗದಿಂದ ಹಲವು ಆನೆಗಳನ್ನು ಹಿಡಿದು ಸಾಗಿಸಿದರೂ ಸಮಸ್ಯೆ ಮುಗಿಯಲಿಲ್ಲ. ಹಲಸು, ಬಾಳೆಯ ವಾಸನೆಗೆ ಆನೆ ಬರುತ್ತದೆಂದು ಎಳೆಯ ಹಲಸನ್ನೇ ಕಿತ್ತು ಹಾಕುವವರಿದ್ದಾರೆ. ಕೆಲವು ಗದ್ದೆಗಳಿಗೆ ಶುಂಠಿ ಬಂತು, ತೋಟಕ್ಕೆ ಕಳೆನಾಶಕ ಬಂತು. ಕಳೆನಾಶಕಕ್ಕೆ ಕಳೆ ಯಾವುದು, ಸಾರಿನ ಸೊಪ್ಪು ಯಾವುದು ಎಂಬ ಭೇದವಿಲ್ಲ. ಭತ್ತ ಹೋದರೆ ಅಂಗಡಿಯ ಅಕ್ಕಿ ಬಂತು. ಬದುವಿನ ಸೊಪ್ಪು, ಏಡಿಗಳಿಗೆ ಬದಲಾಗಿ ಬಂದದ್ದು ಪೊಟ್ಟಣದ ಕುರುಕಲು ತಿಂಡಿ.

ಆದ್ದರಿಂದ ಮನೆಯ ಪಕ್ಕದ ನಾಲ್ಕು ಮಾರು ಜಾಗಕ್ಕೆ ಹಿಂದಿಗಿಂತ ಹೆಚ್ಚಿನ ಬೆಲೆ ಬಂದಿದೆ. ಬಸಲೆ, ದಂಟು, ನುಗ್ಗೆ, ಕರಿಬೇವು, ಒಂದು ಪರಂಗಿ ಗಿಡ, ಒಂದು ನಿಂಬೆ ಗಿಡ, ಸಾಧ್ಯವಾದರೆ ನಾಲ್ಕು ಕೋಳಿ ಇದ್ದರೆ ಒಂದು ಮನೆಯ ಅರ್ಧ ಕೊರತೆ ನೀಗುತ್ತದೆ. ಹಸಿರು ಸೊಪ್ಪು, ಪರಂಗಿ ಹಣ್ಣು ಇರುಳುಗಣ್ಣನ್ನು ತಡೆಯುವ ಅನ್ನಾಂಗ ‘ಎ’ಗೂ ಆಧಾರ. ಸಸಾರಜನಕಕ್ಕೆ ಹುರುಳಿ, ಅವರೆ, ಹೆಸರುಕಾಳು ಇವೆ. 100 ಗ್ರಾಂ ಹುರುಳಿಯಲ್ಲಿ ಸುಮಾರು 22 ಗ್ರಾಂ ಸಸಾರಜನಕವಿದೆ. ಮೊಳಕೆ ಬರಿಸಿ ಸಾರು ಮಾಡಿದರೆ ಅದರ ಕಬ್ಬಿಣವೂ ಚೆನ್ನಾಗಿ ದಕ್ಕುತ್ತದೆ.

ಕಾಡಿನ ಆಹಾರದ ವಿಷಯದಲ್ಲಿ ಹಿರಿಯರ ಎಚ್ಚರವನ್ನು ಬಿಡಬಾರದು. ಕಳಲೆಯಲ್ಲಿ ವಿಷದ ಅಂಶವಿರುವುದರಿಂದಲೇ ಅದನ್ನು ಹೆಚ್ಚಿ, ದಿನವೂ ನೀರು ಬದಲಿಸುತ್ತ ನೆನೆಹಾಕಿ, ಬೇಯಿಸಿ ಬಳಸುವ ಪದ್ಧತಿ ಬಂದದ್ದು. ಗುರುತು ಖಚಿತವಿಲ್ಲದ ಅಣಬೆಯನ್ನು ಎಂದೂ ತಿನ್ನಬಾರದು.

ಉಪ್ಪಿನ ಮರಿಗೆಗೆ ಮುಚ್ಚಳ

ಭಾರಿ ಮಳೆ ಬೀಳುವ ಬೆಟ್ಟಗಳಲ್ಲಿ ಮಣ್ಣಿನ ಅಯೋಡಿನ್ ನೀರಿನೊಂದಿಗೆ ಕೊಚ್ಚಿಹೋಗುತ್ತದೆ. ಅಂಥ ಮಣ್ಣಿನ ಬೆಳೆಯಲ್ಲೂ ಅದು ಇರುವುದಿಲ್ಲ. ಗಳಗಂಡ ಅದರ ಹೊರಗಿನ ಗುರುತು. ಗರ್ಭಿಣಿಗೆ ಅಯೋಡಿನ್ ತೀರ ಕಡಿಮೆಯಾದರೆ ಹುಟ್ಟುವ ಮಗುವಿನ ಬುದ್ಧಿ ಬೆಳವಣಿಗೆಗೇ ಪೆಟ್ಟು. ಹಿಮಾಲಯದ ಕಾಂಗ್ರಾ ಕಣಿವೆಯಲ್ಲಿ 1956ರಲ್ಲಿ ವಿ. ರಾಮಲಿಂಗಸ್ವಾಮಿ ಮತ್ತು ಸಂಗಡಿಗರು ಆರಂಭಿಸಿದ ಪ್ರಯೋಗ, ಉಪ್ಪಿಗೆ ಅಯೋಡಿನ್ ಬೆರೆಸಿದರೆ ಗಳಗಂಡ ಇಳಿಯುತ್ತದೆಂದು ತೋರಿಸಿತು. ಇಂದು ಅಂಗಡಿಯ ಪೊಟ್ಟಣದ ಉಪ್ಪಿನಲ್ಲಿ ಅದು ಇದೆ. ಆದರೆ ಒಲೆಯ ಪಕ್ಕ ಬಾಯಿ ತೆರೆದ ಮರಿಗೆಯಲ್ಲಿಟ್ಟ ಉಪ್ಪು ಮಳೆಗಾಲದಲ್ಲಿ ನೀರೊಡೆಯುತ್ತದೆ, ಅಯೋಡಿನ್ ಕಡಿಮೆಯಾಗುತ್ತದೆ. ಬಿಗಿ ಮುಚ್ಚಳದ ಡಬ್ಬಿಯಲ್ಲಿಟ್ಟು, ಅಡಿಗೆ ಇಳಿಸುವ ಹೊತ್ತಿಗೆ ಉಪ್ಪು ಹಾಕಿದರೆ ಕೊಟ್ಟ ಹಣ ದಂಡವಾಗದು.

ಶಾಲೆಯ ಪಾಲು, ಮನೆಯ ಪಾಲು

ರಾಜ್ಯದಲ್ಲಿ 2002ರಲ್ಲಿ ಆರಂಭವಾದ ಅಕ್ಷರ ದಾಸೋಹದಿಂದ ಶಾಲೆಯಲ್ಲಿ ಬಿಸಿಯೂಟ, 2013ರ ಆಗಸ್ಟ್‌ನಿಂದ ಕ್ಷೀರಭಾಗ್ಯದ 150 ಮಿ.ಲೀ. ಹಾಲು ಬಂದವು. ಮೊಟ್ಟೆಯನ್ನೂ ಸೇರಿಸಿ, 2024ರಲ್ಲಿ ಅದನ್ನು ವಾರದ ಆರು ದಿನಕ್ಕೆ ವಿಸ್ತರಿಸಲಾಯಿತು. ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣು. ಪ್ರೌಢಶಾಲೆಯವರಿಗೆ ವಾರಕ್ಕೊಮ್ಮೆ ಕಬ್ಬಿಣಾಂಶದ ನೀಲಿ ಮಾತ್ರೆ ಉಂಟು. ಮಲ ಕಪ್ಪಾಗುತ್ತದೆ, ಹೊಟ್ಟೆ ತೊಳಸುತ್ತದೆ ಎಂದು ಹೆದರಿ ಅದನ್ನು ಕಿಟಕಿಯಿಂದಾಚೆ ಎಸೆಯುವ ಮಕ್ಕಳಿದ್ದಾರೆ. ಮಲ ಕಪ್ಪಾಗುವುದು ಸಹಜ. ಊಟವಾದ ಮೇಲೆ ನೀರಿನೊಂದಿಗೆ ನುಂಗಿದರೆ ಹೊಟ್ಟೆಯ ತೊಂದರೆ ಕಡಿಮೆ. ಬಿಸಿಯೂಟದ ತಟ್ಟೆಯಿಂದ ಸೊಪ್ಪು, ತರಕಾರಿ ಆರಿಸಿ ಹೊರಗಿಡುವ ಅಭ್ಯಾಸವನ್ನು ವಿದ್ಯಾರ್ಥಿಗಳೇ ಬಿಡಬೇಕು.

ಶಾಲೆ ಕೊಡುವುದು ದಿನದ ಒಂದು ಊಟ. ಉಳಿದದ್ದು ಮನೆಯದು. ವಿಜ್ಞಾನದ ಪುಸ್ತಕದಲ್ಲಿ ಸಮತೋಲನ ಆಹಾರದ ಪಾಠ ಓದುವ ವಿದ್ಯಾರ್ಥಿ ಒಂದು ವಾರ ತನ್ನ ಮನೆಯವರೆಲ್ಲ ಏನು ಉಂಡರೆಂದು ಬರೆದಿಡಲಿ: ಸೊಪ್ಪು ಎಷ್ಟು ದಿನ, ಕಾಳು ಎಷ್ಟು ದಿನ, ಹಣ್ಣು ಎಷ್ಟು ದಿನ, ಮತ್ತು ಅಮ್ಮನ ತಟ್ಟೆಯಲ್ಲಿ ಏನಿತ್ತು. ಪಟ್ಟಿಯನ್ನು ಭಾನುವಾರ ಎಲ್ಲರೂ ಕುಳಿತು ನೋಡಲಿ. ಬದಲಿಸಬೇಕಾದದ್ದು ಬಹಳವಿರುವುದಿಲ್ಲ: ಒಂದು ಹೊತ್ತಿನ ರಾಗಿ, ದಿನಕ್ಕೊಂದು ಹಿಡಿ ಸೊಪ್ಪು ಅಥವಾ ಕಾಳು, ಊಟದಿಂದ ದೂರ ಸರಿದ ಕಾಫಿ, ಕಾಲಿಗೆ ಚಪ್ಪಲಿ, ಉಪ್ಪಿಗೆ ಮುಚ್ಚಳ, ಮತ್ತು ಎಲ್ಲರೂ ಒಟ್ಟಿಗೆ ಕುಳಿತು ಉಣ್ಣುವ ರೂಢಿ. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆಯನ್ನು ಈ ಒಂದು ವಿಷಯದಲ್ಲಾದರೂ ಮಲೆನಾಡಿನವರು ಸುಳ್ಳು ಮಾಡಬಹುದು.